ಎಡಗಣ್ಣಿಗೂ ಬಲಗಣ್ಣಿಗೂ ಒಂದೇ ರೋಗ

ನಮ್ಮ ಅಜ್ಜಿಯ ಶಾಸ್ತ್ರ ಸರಳ. ಗಂಡಸಿಗೆ ಬಲಗಣ್ಣು ಅದುರಿದರೆ ಒಳ್ಳೆಯದು, ಎಡಗಣ್ಣು ಅದುರಿದರೆ ಕೆಟ್ಟದ್ದು. ಹೆಂಗಸರಿಗೆ ಉಲ್ಟಾ. ಕೆಟ್ಟದ್ದೇ ಆದರೂ ಹನ್ನೊಂದು ರೂಪಾಯಿ ಮುಡಿಪು ಕಟ್ಟಿಟ್ಟರೆ ಕೇಸು ಕ್ಲೋಸ್. ಒಟ್ಟಿನಲ್ಲಿ ಗೆಲ್ಲುವ ಚಾನ್ಸು ಅರ್ಧಕ್ಕರ್ಧ ಇತ್ತು.

ಈಗಿನ ಶಾಸ್ತ್ರ ಫೋನಿನಲ್ಲಿದೆ. ಅದಕ್ಕೆ ಎಡ ಬಲ, ಗಂಡು ಹೆಣ್ಣು ಅನ್ನುವ ಭೇದವಿಲ್ಲ. ಯಾವ ಕಣ್ಣು ಅದುರಿದರೂ ಒಂದೇ ನರರೋಗ, ಎಎಲ್‌ಎಸ್.

ಹೋದ ಮಳೆಗಾಲದಲ್ಲಿ ನನ್ನ ಎಡಗಣ್ಣಿನ ರೆಪ್ಪೆ ಮೂರು ದಿನ ಬಿಡದೆ ಪಟಪಟ ಅಂದಿತು. ನನಗೆ 27. ಮನೆ ಕೊಡಗಿನ ಸುಂಟಿಕೊಪ್ಪದ ಆಚೆ, ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ತೋಟದ ಮೇಲಿನ ಗುಡ್ಡ ಹತ್ತಿ ಬಂಡೆ ಮೇಲೆ ನಿಂತರೆ ಎರಡು ಕಡ್ಡಿ ಬರುತ್ತದೆ. ಆನೆ ಓಡಾಡುವ ತೋಟ. ರಾತ್ರಿ ಎಂಟು ಗಂಟೆಗೆ, ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು ನಾನು ಹುಡುಕಿದ್ದೇನು? ನನ್ನ ಜೀವಕ್ಕೆ ಅಪಾಯ ಇದೆಯಾ ಅಂತ.

ಇದೆ ಅಂದಿತು ಫೋನು.

ಎಎಲ್‌ಎಸ್ ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ಬಂದವರ ಕಷ್ಟ ದೊಡ್ಡದು, ಅಲ್ಲಿ ನಗುವಂಥದ್ದು ಏನೂ ಇಲ್ಲ. ನಗಬೇಕಾದ್ದು ನಮ್ಮಂಥ ಅರ್ಜಿದಾರರನ್ನು ನೋಡಿ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 2 ಮಂದಿಗೆ ಬರುತ್ತದೆ, ಅದೂ ಹೆಚ್ಚಿನವರಿಗೆ 50 ದಾಟಿದ ಮೇಲೆ. 2011ರ ಜನಗಣತಿಯಂತೆ ಇಡೀ ಕೊಡಗಿನಲ್ಲಿ ಇರುವುದೇ ಐದೂವರೆ ಲಕ್ಷ ಮಂದಿ. ಆ ಕೆಲವೇ ಸೀಟುಗಳಲ್ಲಿ ಒಂದು ನನಗೆ ರಿಸರ್ವ್ ಆಗಿದೆ ಅಂತ ನನಗೆ ಖಾತ್ರಿಯಾಯಿತು. ಸ್ಟೀಫನ್ ಹಾಕಿಂಗ್‌ಗೆ 21ಕ್ಕೇ ಬಂದಿತ್ತು, ನನ್ನದು ಆಗಲೇ ಲೇಟು. ಅವರು 76ರವರೆಗೆ ಬದುಕಿದ್ದರು ಅನ್ನುವ ಸಾಲು ಮಾತ್ರ ಯಾಕೋ ಕಣ್ಣಿಗೆ ಬೀಳಲೇ ಇಲ್ಲ.

ಆಮೇಲೆ ಮನೆಯಲ್ಲೇ ಪರೀಕ್ಷೆಗಳು ಶುರುವಾದವು. ಮೀನಖಂಡ ಸಣ್ಣಗಾಗುತ್ತಿದೆಯಾ ನೋಡಲು ಅಪ್ಪ ಸಿಲ್ವರ್ ಮರದ ಸುತ್ತಳತೆ ತೆಗೆಯುವ ಟೇಪನ್ನೇ ಕಾಲಿಗೆ ಸುತ್ತಿದೆ. ಎಡಗಾಲು ಅರ್ಧ ಇಂಚು ಕಮ್ಮಿ! ಹತ್ತು ವರ್ಷದಿಂದ ಬೈಕಿಗೆ ಬಲಗಾಲಲ್ಲೇ ಕಿಕ್ ಹೊಡೆಯುತ್ತಿದ್ದೇನೆ ಅನ್ನುವುದು ಆಗ ನೆನಪಾಗಲಿಲ್ಲ. ನಾಲಿಗೆ ಅದುರುತ್ತದೆ ಅಂತ ಎಲ್ಲೋ ಓದಿದ್ದೆ. ರಾತ್ರಿ ಎರಡಕ್ಕೆ ಕರೆಂಟಿಲ್ಲದ ಬಚ್ಚಲಿನಲ್ಲಿ, ಗಲ್ಲದ ಕೆಳಗೆ ಟಾರ್ಚ್ ಹಿಡಿದು, ಪೂರ್ತಿ ನಾಲಿಗೆ ಹೊರಗೆ ಹಾಕಿ ಕನ್ನಡಿ ನೋಡುತ್ತಾ ನಿಂತಿದ್ದೆ. ಅಷ್ಟು ಹೊತ್ತು ಎಳೆದು ಹಿಡಿದರೆ ಯಾರ ನಾಲಿಗೆಯಾದರೂ ನಡುಗುತ್ತದೆ. ಎದ್ದು ಬಂದ ಅಮ್ಮ ಬಾಗಿಲಲ್ಲೇ ನಿಂತು ನೋಡಿದರು. "ಮಡಿಕೇರಿ ದಸರಾಕ್ಕೆ ಇನ್ನೂ ಟೈಮ್ ಇದೆ ಮಗ. ಮಂಟಪದವರು ಕಾಳಿ ವೇಷಕ್ಕೆ ಕರೆದಾಗ ಹೋಗುವಿಯಂತೆ, ಈಗ ಮಲಗು."

ಸುದ್ದಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಯಿತು. ಚಿಕ್ಕಪ್ಪ ಲೋಳೆಸರದ ರಸ ಕುಡಿ ಅಂದರು. ಅತ್ತೆ ನುಗ್ಗೆಸೊಪ್ಪು ಅಂದರು. ದುಬೈಯಲ್ಲಿರುವ ಭಾವ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆ ಅಂದರು, ಜಿಗಣೆ ಮರೆತಿರಬೇಕು. ಕಾಫಿ ಕಮ್ಮಿ ಮಾಡು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಎಲ್ಲರಿಗೂ ತೋಟ ಇದೆ.

ಕೊನೆಗೆ ಬೆಳಗಿನ ಬಸ್ಸು ಹತ್ತಿ ಮೈಸೂರಿಗೆ ಹೋದೆ. ನರರೋಗ ತಜ್ಞರ ಬಾಗಿಲ ಮುಂದೆ ಕೂತವರಲ್ಲಿ ಅರ್ಧಕ್ಕರ್ಧ ನನ್ನ ವಯಸ್ಸಿನವರೇ. ಎಲ್ಲರೂ ಫೋನು ನೋಡುತ್ತಾ ಮಧ್ಯೆ ಮಧ್ಯೆ ಮುಷ್ಟಿ ಬಿಗಿದು ಬಿಚ್ಚುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜನಿಗೆ ಪಾರ್ಕಿನ್ಸನ್ಸ್, ಕೈ ನಿಲ್ಲದೆ ನಡುಗುತ್ತಿತ್ತು. ಅದೇ ಕೈಯಲ್ಲಿ ನನ್ನ ಭುಜ ತಟ್ಟಿ, "ಇಷ್ಟು ಸಣ್ಣ ವಯಸ್ಸಿಗೆ ನಿನಗೇನಪ್ಪಾ ಬಂತು?" ಅಂತ ಮರುಗಿದರು. ಕಣ್ಣಿನ ರೆಪ್ಪೆ ಅನ್ನಲು ಬಾಯಿ ಬರಲಿಲ್ಲ.

ಡಾಕ್ಟರು ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ಹಿಮ್ಮಡಿ ಮೇಲೆ ನಡೆಸಿದರು, ಬೆರಳು ಹಿಂಡಿಸಿದರು. "ಆ ಕಾಯಿಲೆಯಲ್ಲಿ ಸುಮ್ನೆ ಅದುರೋದಲ್ಲ, ಬಲ ಹೋಗುತ್ತೆ. ನಿಮ್ಮ ಬಲ ಸರಿಯಾಗೇ ಇದೆ. ನಿದ್ದೆ ಮಾಡಿ. ದಿನಕ್ಕೆ ಕಾಫಿ ಎಷ್ಟು?"

"ಎರಡು, ಮೂರು..."

ಚೀಟಿಯಲ್ಲಿದ್ದ ವಿಳಾಸ ನೋಡಿದರು. "ಓ, ಕೊಡಗಾ?" ಅಂತ ನಕ್ಕರು.

ಸಿಕ್ಕಿಬಿದ್ದೆ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯವನು ನಾನು. ಮನೆಯಲ್ಲಿ ನಮ್ಮದೇ ರೋಬಸ್ಟಾ, ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುವಂಥದ್ದು. ಅದೂ ಬೆಲ್ಲದ ಕಾಫಿ, ಒಂಬತ್ತು ಲೋಟ.

ಸ್ಕ್ಯಾನು ಬೇಡ ಅಂದಿದ್ದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು, ಅಷ್ಟು ದೂರ ಬಂದು ಸುಮ್ನೆ ವಾಪಸ್ಸಾ? ಕೌಂಟರಿನ ಹುಡುಗಿಗೆ ಅದು ಗೊತ್ತಾಗಿರಬೇಕು. "ಸರ್, ಡಾಕ್ಟರ್ ಬರೆಯದಿದ್ರೂ ಮಾಡಿಸ್ಬಹುದು. ಮೆದುಳಿನ ಪ್ಯಾಕೇಜ್ ಇದೆ, ಮೂವತ್ತರ ಒಳಗಿನವರಿಗೆ ಆಫರ್." ಅಲ್ಲಿ ನನಗಿಂತ ಮುಂದೆ ನಾಲ್ಕು ಮಂದಿ ಕ್ಯೂ ನಿಂತಿದ್ದರು. ಬಸ್ಸಿಗೆ ಹೊತ್ತಾಗುತ್ತದೆ ಅಂತ ಬಿಟ್ಟು ಬಂದೆ.

ಆವತ್ತಿಂದಲೇ ಕಾಫಿ ಬಂದ್. ಮಾರನೇ ದಿನ ರೆಪ್ಪೆ ಅದುರುವುದೂ ಕಮ್ಮಿಯಾಯಿತು. ಆದರೆ ಸಂಜೆ ಹೊತ್ತಿಗೆ ತಲೆಯ ಬಲಗಡೆ ಏನೋ ಬಡಿಯತೊಡಗಿತು. ಹಿಂದೆಂದೂ ಬಂದಿರದ ನೋವು.

"ಅಜ್ಜೀ, ತಲೆನೋವಿಗೂ ಎಡ ಬಲ ಇದೆಯಾ?"

"ಕಾಫಿ ಕುಡಿದ್ಯೇನಾ?" ಅಂದಳು ಅಜ್ಜಿ ಒಲೆ ಮುಂದಿನಿಂದ.

ನಾನಾಗಲೇ ಕೊಡೆ ಬಿಚ್ಚಿ ಗುಡ್ಡದ ದಾರಿ ಹಿಡಿದಿದ್ದೆ.