ಸೂಜಿಯೇ ಇಲ್ಲದ ಮೇಲೆ ರಕ್ತ ಎಲ್ಲಿಂದ ಬಂತು?

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಹುಡುಗರು ಶತ್ರುವಿನ ಬಂದೂಕಿಗಿಂತ ಮೊದಲು ಸ್ವಂತ ಸೈನ್ಯದ ಬಂದೂಕಿಗೆ ತೋಳು ಒಡ್ಡುತ್ತಿದ್ದರು. ಲಸಿಕೆಯ ಬಂದೂಕು. ಹೆಸರು ಜೆಟ್ ಇಂಜೆಕ್ಟರ್. ಸೂಜಿ ಇಲ್ಲ, ಔಷಧಿಯನ್ನೇ ಜೋರಾದ ಒತ್ತಡದಲ್ಲಿ ಚರ್ಮದೊಳಗೆ ನುಗ್ಗಿಸುವ ಯಂತ್ರ. ಶರ್ಟು ಬಿಚ್ಚಿ ಸಾಲಿನಲ್ಲಿ ನಡೆಯಬೇಕು. ಎಡಕ್ಕೊಬ್ಬ, ಬಲಕ್ಕೊಬ್ಬ, ಎರಡೂ ತೋಳಿಗೆ ಟಪ್. ಗಂಟೆಗೆ ನೂರಾರು ಜನ. ಅಲುಗಾಡಿದರೆ ಚರ್ಮ ಸೀಳಿ ರಕ್ತ ಇಳಿಯುತ್ತಿತ್ತು. ಯಂತ್ರದ ಮೂತಿಯನ್ನು ಒರೆಸಿದರೆ ಒರೆಸಿದರು. ಇಲ್ಲದಿದ್ದರೆ ಮುಂದಿನವನ ತೋಳು ಇತ್ತಲ್ಲ, ಅದೇ ಬಟ್ಟೆ ಅಂತ ಮಾಜಿ ಸೈನಿಕರು ಈಗಲೂ ಗೊಣಗುತ್ತಾರೆ.

ಆ ಹುಡುಗರಿಗೆ ಇವತ್ತು ಎಪ್ಪತ್ತು ದಾಟಿದೆ. ಕೆಲವರಿಗೆ ಹೆಪಟೈಟಿಸ್ ಸಿ. ರಕ್ತದಿಂದ ರಕ್ತಕ್ಕೆ ದಾಟಿ, ಸದ್ದಿಲ್ಲದೆ ದಶಕಗಟ್ಟಲೆ ಕೂತು ಲಿವರ್ ತಿನ್ನುವ ವೈರಸ್ ಅದು. "ಇದು ನಿಮ್ಮ ಗನ್ನಿನಿಂದಲೇ ಬಂದಿರಬೇಕು, ಪರಿಹಾರ ಕೊಡಿ" ಎಂದು ಅವರು ಮಾಜಿ ಸೈನಿಕರ ಇಲಾಖೆಗೆ ಅರ್ಜಿ ಹಾಕುತ್ತಾರೆ. ಇಲಾಖೆ 2004ರಲ್ಲೇ ತನ್ನ ಕಚೇರಿಗಳಿಗೆ ಒಂದು ಸುತ್ತೋಲೆ ಕಳಿಸಿದೆ. ಗನ್ನಿನಿಂದ ಈ ರೋಗ ಹರಡಿದ್ದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದರೆ ಜೈವಿಕವಾಗಿ ನೋಡಿದರೆ ಹರಡಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ವಾಕ್ಯ ಬರೆಯೋಕೆ ಗುಮಾಸ್ತನಾಗಿಯೇ ಹುಟ್ಟಬೇಕು.

ಹಾಗಾದರೆ ಪುರಾವೆ ಯಾರು ತರಬೇಕು? ಅಜ್ಜನೇ ತರಬೇಕು. 1968ರಲ್ಲಿ ಅವನು ಎಂಥ ತಪ್ಪು ಮಾಡಿದ ನೋಡಿ. ಸಾಲಿನಲ್ಲಿ ನಿಂತಾಗ ಸಾರ್ಜೆಂಟ್ ಹತ್ತಿರ ಹೋಗಿ ವಿನಯದಿಂದ ಕೇಳಬೇಕಿತ್ತು: "ಸರ್, ನನ್ನ ಮುಂದೆ ನಿಂತವನ ರಕ್ತದಲ್ಲಿ ಒಂದು ವೈರಸ್ ಇರಬಹುದು. ಅದನ್ನು 1989ರವರೆಗೆ ಯಾರೂ ಕಂಡುಹಿಡಿಯುವುದಿಲ್ಲ. ಆದರೂ ಮೂತಿ ಒರೆಸಿಲ್ಲ ಅಂತ ಒಂದು ರಸೀದಿ ಬರೆದು, ಸೀಲು ಹಾಕಿ ಕೊಡಿ." ಸಾರ್ಜೆಂಟ್ ಖುಷಿಯಿಂದ ಕೊಡುತ್ತಿದ್ದ, ಅಲ್ವಾ?

ಸೈನ್ಯದ ದಾಖಲೆ ನೋಡೋಣ ಎಂದರೆ ಲಸಿಕೆಯ ಕಾರ್ಡಿನಲ್ಲಿ ಯಾವ ಲಸಿಕೆ, ಯಾವ ದಿನ ಎಂಬುದು ಇರುತ್ತದೆ. ಯಾವುದರಿಂದ ಚುಚ್ಚಿದರು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಇನ್ನೂ ಹಿಂದಿನವರ ಕಥೆ ಕೇಳಲೇಬೇಡಿ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಚೇರಿಗೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. 1960ಕ್ಕೆ ಮೊದಲು ಭೂಸೇನೆ ಬಿಟ್ಟವರ ಕಡತಗಳಲ್ಲಿ ಬಹುಪಾಲು ಅಲ್ಲೇ ಬೂದಿಯಾಯಿತು. ಕಡತ ಸುಟ್ಟಿದ್ದು ಸರ್ಕಾರದ ಕಟ್ಟಡದಲ್ಲಿ. ದಾಖಲೆ ಎಲ್ಲಿ ಅಂತ ಕೇಳುವುದೂ ಸರ್ಕಾರವೇ.

ಗನ್ನಿನ ವಿಷಯ ನೆನಪಿಲ್ಲದ ಇಲಾಖೆಗೆ ರೋಗ ಬೇರೆ ಯಾವ ದಾರಿಯಲ್ಲಿ ಬಂದಿರಬಹುದು ಎಂಬುದರಲ್ಲಿ ಭಾರೀ ಕುತೂಹಲ. ಹಚ್ಚೆ ಹಾಕಿಸಿಕೊಂಡಿದ್ದೀರಾ? ಎಲ್ಲಿ? ಕಿವಿ ಚುಚ್ಚಿಸಿದ್ದೀರಾ? ಬೇರೆಯವರ ರೇಜರ್ ಬಳಸಿದ್ದೀರಾ? ಕೊಕೇನ್ ಸೇದಿದ್ದೀರಾ? ಎಷ್ಟು ಜನರ ಜೊತೆ ಮಲಗಿದ್ದೀರಿ? ಐವತ್ತು ವರ್ಷದ ಹಿಂದೆ ಬಂದರಿನ ಗಲ್ಲಿಯಲ್ಲಿ ತೋಳಿನ ಮೇಲೆ ಪ್ರೇಯಸಿಯ ಹೆಸರು ಬರೆಸಿಕೊಂಡವನ ಅರ್ಜಿ ಅಲ್ಲಿಗೇ ಮಂಕಾಗುತ್ತದೆ. ಪ್ರೇಯಸಿ ಬಿಟ್ಟು ಹೋದಳು, ಹೆಸರು ಮಾತ್ರ ಇಲಾಖೆಯ ಪರವಾಗಿ ಸಾಕ್ಷಿ ಹೇಳುತ್ತಿದೆ.

ನ್ಯಾಯವಾಗಿ ಹೇಳಬೇಕು. ಈ ರೋಗ ಹೆಚ್ಚಾಗಿ ಹರಡಿದ್ದು ಡ್ರಗ್ಸಿನ ಸೂಜಿಯಿಂದ ಮತ್ತು 1992ಕ್ಕೆ ಮೊದಲು ಸರಿಯಾಗಿ ಪರೀಕ್ಷೆ ಮಾಡದೆ ಕೊಟ್ಟ ರಕ್ತದಿಂದ. ಅರ್ಜಿ ಹಾಕಿದವರಲ್ಲೂ ಅಂಥವರು ಇರುತ್ತಾರೆ. ಗನ್ನೇ ಕಾರಣ ಎಂದು ನಾನೂ ಆಣೆ ಮಾಡಲಾರೆ. ಲಸಿಕೆಯೇ ವಿಷ ಎನ್ನುವ ವಾಟ್ಸಾಪ್ ಪಂಡಿತರೂ ಇಲ್ಲಿ ಕುಣಿಯಬೇಕಾಗಿಲ್ಲ. ಇದೇ ಜಾತಿಯ ಗನ್ನು ಪಶ್ಚಿಮ ಆಫ್ರಿಕಾದಲ್ಲಿ, ಬ್ರೆಜಿಲ್‌ನಲ್ಲಿ ಸಿಡುಬನ್ನು ಓಡಿಸಲು ದುಡಿದಿದೆ. ತಕರಾರು ಇರುವುದು ಅದರ ಮೂತಿಯ ಬಗ್ಗೆ.

ಮೂತಿಯ ಬಗ್ಗೆ ಇಲಾಖೆಗೆ ಅನುಮಾನ ಬರೋಕೆ ಬೇಕಾದಷ್ಟು ಕಾರಣ ಇತ್ತು. 1985ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಒಂದು ತೂಕ ಇಳಿಸುವ ಕ್ಲಿನಿಕ್‌ನಲ್ಲಿ ಇಂಥದೇ ಒಂದು ಯಂತ್ರದಿಂದ ಹೆಪಟೈಟಿಸ್ ಬಿ, ಅಂದರೆ ರಕ್ತದಿಂದಲೇ ದಾಟುವ ಇನ್ನೊಂದು ಲಿವರ್ ವೈರಸ್, ಹರಡಿತ್ತು. ಅದು ತನಿಖೆಯಿಂದ ಖಚಿತವಾಗಿದೆ. ಸೈನ್ಯವಂತೂ ಈ ಪಾಠವನ್ನು ಮೊದಲೇ ಒಂದು ಸಲ ಓದಿತ್ತು. 1942ರಲ್ಲಿ ಹಳದಿ ಜ್ವರದ ಲಸಿಕೆಗೆ ಬೆರೆಸಿದ್ದ ಮನುಷ್ಯರ ಸೀರಂನಿಂದ, ಅಂದರೆ ರಕ್ತದ ತಿಳಿ ದ್ರವದಿಂದ, ಸುಮಾರು 50,000 ಸೈನಿಕರು ಕಾಮಾಲೆ ಬಂದು ಮಲಗಿದರು. ಸೋಂಕು ತಗುಲಿದವರು 3 ಲಕ್ಷ ದಾಟುತ್ತಾರೆ ಎಂಬುದು ಆಮೇಲಿನ ಅಂದಾಜು. ಅದು ಹೆಪಟೈಟಿಸ್ ಬಿ ಎಂದು ಗಟ್ಟಿಯಾಗಿದ್ದು 1980ರ ದಶಕದಲ್ಲಿ, ಆ ಸೈನಿಕರು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಗ. ಇಷ್ಟಾದ ಮೇಲೆ 1997ರಲ್ಲಿ ಸೈನ್ಯ ಸುಮ್ನೆ ಆ ಗನ್ನುಗಳನ್ನು ಮೂಲೆಗಿಟ್ಟಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಗನ್ನು ನಿಲ್ಲಿಸೋಕೆ ಅನುಮಾನ ಸಾಕಾಯಿತು. ಪರಿಹಾರ ಕೊಡೋಕೆ ಮಾತ್ರ ಪುರಾವೆ ಬೇಕು.

ಕೆಲವರ ಅರ್ಜಿ ಗೆದ್ದಿದೆ. ಹಚ್ಚೆಯಿಲ್ಲದವರು, ಡ್ರಗ್ಸ್ ಮುಟ್ಟದವರು, ರಕ್ತ ಹಾಕಿಸಿಕೊಳ್ಳದವರು, ಜೊತೆಗೆ ಒಬ್ಬ ಒಳ್ಳೆಯ ಡಾಕ್ಟರಿಂದ ಉದ್ದದ ಪತ್ರ ಬರೆಸಿಕೊಂಡು ಬಂದವರು. ಒಟ್ಟಿನಲ್ಲಿ ಸೈನ್ಯದಲ್ಲಿ ಸನ್ಯಾಸಿಯಾಗಿ ಇದ್ದವರು.

ಇದೇ ಇಲಾಖೆಯ ಆಸ್ಪತ್ರೆಗಳಿಗೆ ನಮಸ್ಕಾರ ಹೇಳಲೇಬೇಕು. 2013ರ ಕೊನೆಗೆ ಹೆಪಟೈಟಿಸ್ ಸಿಗೆ ಬಂದ ಹೊಸ ಮಾತ್ರೆಯ ಬೆಲೆ ಆಗ ಅಂಗಡಿಯಲ್ಲಿ ಒಂದಕ್ಕೆ 1,000 ಡಾಲರ್ ಇತ್ತು. ಅಂಥ ಹೊಸ ಮಾತ್ರೆಗಳಿಂದ 2019ರ ಹೊತ್ತಿಗೆ ಒಂದು ಲಕ್ಷ ಮಾಜಿ ಸೈನಿಕರನ್ನು ಗುಣಪಡಿಸಿದರು. ಔಷಧಿ ಕೊಡುವಾಗ ರೋಗ ಯಾರಿಂದ ಬಂತು ಎಂಬುದಕ್ಕೆ ಯಾರೂ ಪುರಾವೆ ಕೇಳಲಿಲ್ಲ. ಪಕ್ಕದ ಕಿಟಕಿಯ ಗುಮಾಸ್ತ ಮಾತ್ರ ಬದಲಾಗಿಲ್ಲ. ವರ್ಷಗಟ್ಟಲೆ ಅಲೆದು ಅರ್ಜಿ ಗೆದ್ದ ಅಜ್ಜ ಮಾತ್ರೆ ನುಂಗಿ ವಾಸಿಯಾದ ಎನ್ನಿ. ಅವನ ಮನೆಗೆ ಒಂದು ಕಾಗದ ಬರಬಹುದು: ವೈರಸ್ ಹೋಗಿದೆಯಂತೆ, ಸಂತೋಷ. ಮರುಪರೀಕ್ಷೆಗೆ ಬನ್ನಿ, ಪರಿಹಾರ ಕಡಿಮೆ ಮಾಡುವುದಿದೆ.