149 ರೂಪಾಯಿಗೋಸ್ಕರ ವಾಪಸ್ ಬಂದ್ರಾ ಸಾರ್ ಅಂತ ಕೇಳ್ತಾರೆ

ನೆನ್ನೆ ರಾತ್ರಿ ಮಲ್ಕೊಂಡ್ರೂ ಒಂದು ಗಂಟೆವರೆಗೆ ನಿದ್ದೆ ಹತ್ತಲಿಲ್ಲ, ಇನ್ನೂ ಹೊಟ್ಟೆ ಉರೀತಾನೇ ಇದೆ, ಯಾರತ್ರನಾದ್ರೂ ಹೇಳ್ಕೊಳ್ಳದೆ ಇದ್ರೆ ಆಗಲ್ಲ ಅಂತ ಬರೀತಿದೀನಿ.

ಹಾಸನದಿಂದ ಚಿಕ್ಕಪ್ಪ ಚಿಕ್ಕಮ್ಮ ಬಂದಿದ್ರು. ಅಮ್ಮನಿಗೆ ಮಂಡಿನೋವು, ನನ್ನ ಹೆಂಡ್ತಿ ಬೆಳಿಗ್ಗೆಯಿಂದ ಅಡುಗೆಮನೇಲೇ ನಿಂತಿದ್ಲು, ರಾತ್ರಿಗೆ ಯಾರೂ ಒಲೆ ಹಚ್ಚೋದು ಬೇಡ, ನಮ್ಮ ಕ್ರಾಸ್ ಕೊನೇಲಿರೋ ಹೋಟ್ಲಿಗೇ ಹೋಗೋಣ ಅಂದೆ. ಹೆಸರು ಹೇಳಲ್ಲ. ಎಂಟು ವರ್ಷದಿಂದ ಹೋಗ್ತಿರೋ ಜಾಗ. ಇಡ್ಲಿ ಕಾಫಿಗೆ ಶುರುವಾಗಿದ್ದು, ಆಮೇಲೆ ಮೇಲ್ಗಡೆ ಎಸಿ ಹಾಕಿ ನಾರ್ತ್ ಇಂಡಿಯನ್ನು, ಚೈನೀಸು ಎಲ್ಲಾ ಶುರು ಮಾಡಿದ್ರು, ಫ್ಯಾಮಿಲಿ ರೆಸ್ಟೋರೆಂಟ್ ಅಂತ ಬೋರ್ಡ್ ಬಂತು. ಲಾಕ್‌ಡೌನ್ ಟೈಮಲ್ಲಿ ಅಪ್ಪಾರ್ಟ್ಮೆಂಟಿನವರೆಲ್ಲ ಸೇರಿ ಅವರಿಗೆ ಬಿಸಿನೆಸ್ ಇರ್ಲಿ ಅಂತ ದಿನಾ ಅಲ್ಲಿಂದ್ಲೇ ಪಾರ್ಸೆಲ್ ತರಿಸ್ತಿದ್ವಿ. ಅದನ್ನ ನೆನೆಸಿಕೊಂಡ್ರೇ ಇನ್ನೂ ಸಿಟ್ಟು ಬರೋದು.

ಕೂತ್ಕೊಂಡ ತಕ್ಷಣ ಸಪ್ಲೈಯರ್ ಬಂದು ಬಾಟಲ್ಲಾ ರೆಗ್ಯುಲರ್ರಾ ಅಂದ. ರೆಗ್ಯುಲರ್ ಅಂದೆ. ಐದು ಜನಕ್ಕೆ ಮೂರು ಲೋಟ ತಂದಿಟ್ಟು ಹೋದವನು ಮತ್ತೆ ಹತ್ತು ನಿಮಿಷ ಆ ಕಡೆ ತಿರುಗಿಲ್ಲ. ಟೊಮ್ಯಾಟೊ ಸೂಪ್ ಒನ್ ಬೈ ಟೂ ಕೊಡಪ್ಪ ಅಂದ್ರೆ ಸಂಡೇ ಒನ್ ಬೈ ಟೂ ಇಲ್ಲ ಸಾರ್ ಅಂದ. ಆಯ್ತು, ಅದು ಅವರ ರೂಲ್ಸು, ಬಿಡಿ.

ಆದ್ರೆ ಕಾಯ್ಸಿದ್ದಿದೆಯಲ್ಲ, ಅದನ್ನ ಬಿಡೋಕಾಗಲ್ಲ. ನಮ್ಮ ಟೇಬಲ್ ಕಿಚನ್ ಕಿಟಕಿ ಎದುರಿಗೇ ಇತ್ತು. ಅಲ್ಲಿ ಒಳಗಿಂದ ಒಂದಾದ ಮೇಲೊಂದು ಡಬ್ಬಿ ಬರ್ತಿತ್ತು, ಮುಚ್ಚಳ ಒತ್ತೋದು, ಬಿಲ್ ಸ್ಟೇಪಲ್ ಮಾಡೋದು, ಡೆಲಿವರಿ ಹುಡುಗರ ಬ್ಯಾಗಿಗೆ ಹಾಕೋದು. ನಾನು ಕೂತ್ಕೊಂಡೇ ಎಣಿಸಿದೆ, ನಮ್ಮ ಆರ್ಡರ್ ಹೋದ ಮೇಲೆ ಹನ್ನೊಂದು ಪಾರ್ಸೆಲ್ ಹೊರಗೆ ಹೋಯ್ತು. ಡೆಲಿವರಿ ಹುಡುಗರ ಮೇಲೆ ನಂಗೆ ಒಂಚೂರೂ ಕೋಪ ಇಲ್ಲ, ಪಾಪ ಅವರೂ ಮೆಟ್ಟಿಲ ಮೇಲೆ ಹೆಲ್ಮೆಟ್ ಹಿಡ್ಕೊಂಡು ಕಾಯ್ತಾನೇ ಇದ್ರು. ಆದ್ರೆ ಆ್ಯಪಲ್ಲಿ ಲೇಟಾದ್ರೆ ರೇಟಿಂಗ್ ಬೀಳುತ್ತೆ ಅನ್ನೋ ಭಯ ಇದೆ, ಎದುರಿಗೆ ಕೂತಿರೋ ಮುದುಕಿ ಕಾದ್ರೆ ಏನೂ ಬೀಳಲ್ಲ ಅಂತ ಲೆಕ್ಕ ಇವರದ್ದು. ನಾನು ಎರಡು ಸಲ ಎದ್ದು ಹೋಗಿ ಕೇಳಿದೆ, ಎರಡು ಸಲಾನೂ ಟೂ ಮಿನಿಟ್ಸ್ ಸಾರ್. ನಲವತ್ತೈದು ನಿಮಿಷ ಆಯ್ತು. ಚಿಕ್ಕಪ್ಪನಿಗೆ ಶುಗರ್ ಇದೆ, ಚಿಕ್ಕಮ್ಮ ಬ್ಯಾಗಿಂದ ಎರಡು ಬಿಸ್ಕತ್ ತೆಗೆದು ಕೊಟ್ರು. ಊಟಕ್ಕೆ ಅಂತ ಕರ್ಕೊಂಡು ಬಂದ ಹೋಟ್ಲಲ್ಲಿ ನೆಂಟರು ಬ್ಯಾಗಲ್ಲಿರೋ ಬಿಸ್ಕತ್ ತಿನ್ನೋದನ್ನ ನೋಡ್ತಾ ಕೂತ್ಕೊಳ್ಳೋದು ಎಂಥ ಸಂಕಟ ಅಂತ ಅನುಭವಿಸಿದವರಿಗೇ ಗೊತ್ತು.

ಬಂದಿದ್ದಾದ್ರೂ ಬಿಸಿ ಬಿಸಿಯಾಗಿ ಬಂತಾ ಅಂದ್ರೆ ಅದೂ ಇಲ್ಲ. ಪನೀರ್ ಬಟರ್ ಮಸಾಲದ ಮೇಲೆ ಕೆನೆ ಕಟ್ಟಿತ್ತು, ಚಮಚ ಹಾಕಿದ್ರೆ ಹಾಳೆ ಥರ ಎದ್ದು ಬರ್ತಿತ್ತು, ಅಂದ್ರೆ ಮಾಡಿ ಆಗಿತ್ತು, ಅಲ್ಲೇ ಎಲ್ಲೋ ಇಟ್ಟುಬಿಟ್ಟಿದ್ರು. ಕುಲ್ಚಾ ಮಡಚಿದ್ರೆ ಮುರಿದು ಹೋಗ್ತಿತ್ತು. ಅಮ್ಮನಿಗೆ ಹಲ್ಲು ಸೆಟ್ಟು, ಅಗಿಯೋಕಾಗದೆ ದಾಲಲ್ಲಿ ನೆನೆಸಿ ನೆನೆಸಿ ಅರ್ಧ ತಿಂದ್ರು, ಆಮೇಲೆ ಸಾಕು ಕಣೋ ಹಸಿವಿಲ್ಲ ಅಂದ್ರು. ಹಸಿವಿತ್ತು. ಮನೆಗೆ ಬಂದು ಮೊಸರನ್ನ ತಿಂದಿದ್ದನ್ನ ನಾನೇ ನೋಡಿದೀನಿ.

ಇದೆಲ್ಲ ಆದ್ಮೇಲೆ ಬಿಲ್ ಬಂತು ನೋಡಿ. ಊಟದ್ದು 1,420. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಸ್ ಸಿ 10% ಅಂತ 142. ಎರಡೂ ಸೇರ್ಸಿ 1,562, ಅದರ ಮೇಲೆ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ, ಒಟ್ಟು 1,640. ಎಸ್ ಸಿ ಅಂದ್ರೆ ಸರ್ವೀಸ್ ಚಾರ್ಜು. ಅಪ್ಪಿ ತಪ್ಪಿ ಕಣ್ಣಿಗೆ ಬಿದ್ರೂ ಟ್ಯಾಕ್ಸ್ ಇರ್ಬೇಕು ಅಂದ್ಕೊಳ್ಳಲಿ ಅಂತಾನೇ ಎರಡೇ ಅಕ್ಷರ ಹಾಕೋದು. ಜಿಎಸ್‌ಟಿ ಕೊಡೋಕೆ ನಂದೇನೂ ತಕರಾರಿಲ್ಲ, 2017ರ ನವೆಂಬರ್‌ನಿಂದ ಇಂಥ ಹೋಟ್ಲುಗಳಿಗೆ 5% ಇದೆ, ಅದು ಸರ್ಕಾರಕ್ಕೆ ಹೋಗೋ ದುಡ್ಡು. ಈ 142 ಸರ್ಕಾರಕ್ಕೆ ಹೋಗಲ್ಲ, ಓನರ್ ಜೇಬಿಗೆ ಹೋಗುತ್ತೆ, ಅದರ ಮೇಲೂ ನಮ್ಮ ಕೈಲೇ ಟ್ಯಾಕ್ಸ್ ಕಟ್ಟಿಸ್ತಾರೆ. ಅದಿಲ್ದಿದ್ರೆ ನಾನು ಕೊಡ್ಬೇಕಿದ್ದಿದ್ದು 1,491. ಹೆಚ್ಚಿಗೆ ತಗೊಂಡಿದ್ದು 149 ರೂಪಾಯಿ.

ಇದು ತಪ್ಪು ಅಂತ ನಾನು ಹೇಳ್ತಿರೋದಲ್ಲ. 2022ರ ಜುಲೈ 4ಕ್ಕೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬರೆದು ಕೊಟ್ಟಿದೆ, ಸರ್ವೀಸ್ ಚಾರ್ಜನ್ನ ಬಿಲ್ಲಿಗೆ ತಾನಾಗೇ ಸೇರಿಸಬಾರದು, ಬೇರೆ ಹೆಸರಿಟ್ಟೂ ವಸೂಲಿ ಮಾಡಬಾರದು, ಕೊಡಲೇಬೇಕು ಅಂತ ಬಲವಂತ ಮಾಡಬಾರದು, ಊಟದ ಬಿಲ್ ಜೊತೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕಬಾರದು ಅಂತ. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದ್ವು, 2025ರ ಮಾರ್ಚ್ 28ಕ್ಕೆ ಕೋರ್ಟು ಅವರ ಅರ್ಜಿ ವಜಾ ಮಾಡಿ, ಒಂದೊಂದು ಸಂಘಕ್ಕೂ ಒಂದೊಂದು ಲಕ್ಷ ಕಟ್ಟಿ ಅಂತ ಹೇಳ್ತು. ಬಾಟಲ್ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಂಡ್ರೆ ಸುಪ್ರೀಂ ಕೋರ್ಟೇ 2017ರಲ್ಲಿ ಹೋಟ್ಲಿನವರ ಪರ ತೀರ್ಪು ಕೊಟ್ಟಿದೆ, ಅದಕ್ಕೆ ನಾನು ಜಗಳಕ್ಕೆ ಹೋಗಲ್ಲ. ಇದು ಹಾಗಲ್ಲ. ಇಷ್ಟು ಸ್ಪಷ್ಟವಾಗಿ ಬೇಡ ಅಂದಿರೋದನ್ನ ದಿನಾ ರಾತ್ರಿ ಪ್ರತಿ ಟೇಬಲ್ಲಿಂದಾನೂ ಕಿತ್ಕೊಳ್ತಾರೆ ಅಂದ್ರೆ ಎಷ್ಟು ಧೈರ್ಯ ಇರ್ಬೇಕು ನೀವೇ ಹೇಳಿ.

ಧೈರ್ಯ ಎಲ್ಲಿಂದ ಬರುತ್ತೆ ಅಂತಾನೂ ನಂಗೆ ಗೊತ್ತಾಯ್ತು. ಬಿಲ್ ನೋಡಿ ನಾನು ಬಾಯಿ ತೆಗೆಯೋಕೆ ಹೋದೆ, ಅಷ್ಟರಲ್ಲಿ ಚಿಕ್ಕಪ್ಪ ಏನಾಯ್ತೋ, ಜಾಸ್ತಿ ಬಂತಾ, ನಾನು ಕೊಡ್ತೀನಿ ಬಿಡು ಅಂತ ಜೇಬಿಗೆ ಕೈ ಹಾಕಿದ್ರು. ಅಮ್ಮ ನನ್ನ ಮುಖ ನೋಡಿದ್ರು. ನೆಂಟರ ಮುಂದೆ ಊಟದ ದುಡ್ಡಿಗೆ ಚೌಕಾಸಿ ಮಾಡ್ತಾನೆ ಅನ್ನಿಸ್ಕೊಳ್ಳೋಕೆ ಯಾರಿಗೂ ಇಷ್ಟ ಆಗಲ್ಲ. ಫೋನ್ ತೆಗೆದು ಸ್ಕ್ಯಾನ್ ಮಾಡಿ 1,640 ಕಟ್ಟಿಬಿಟ್ಟೆ. ಇವರಿಗೆ ಬೇಕಾಗಿರೋದೂ ಅದೇ. ಫ್ಯಾಮಿಲಿ ಕರ್ಕೊಂಡು ಬರೋರು, ನೆಂಟರ ಜೊತೆ ಬರೋರು, ಮೊದಲ್ನೇ ಸಂಬಳದಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಬರೋ ಹುಡುಗರು, ಯಾರೂ ಅಲ್ಲಿ ನಿಂತು ಜಗಳ ಆಡಲ್ಲ. ನಮ್ಮ ಮರ್ಯಾದೆಗೆ ಹತ್ತು ಪರ್ಸೆಂಟ್ ಹಾಕಿ ವಸೂಲಿ ಮಾಡ್ತಾರೆ.

ಎಲ್ರನ್ನೂ ಮನೆಗೆ ಬಿಟ್ಟು ಮಾತ್ರೆ ತರ್ತೀನಿ ಅಂತ ಹೇಳಿ ವಾಪಸ್ ಹೋದೆ. ಗಲ್ಲಾದಲ್ಲಿದ್ದ ಹುಡುಗನಿಗೆ ಬಿಲ್ ತೋರಿಸಿ ಇದನ್ನ ತೆಗೆದು ಬೇರೆ ಬಿಲ್ ಕೊಡಪ್ಪ ಅಂದೆ. ಸಿಸ್ಟಮ್ಮಲ್ಲೇ ಬರುತ್ತೆ ಸಾರ್, ತೆಗೆಯೋಕೆ ಬರಲ್ಲ ಅಂದ. ಸಿಸ್ಟಮ್ಮಿಗೆ ಹಾಕಿದವರು ಯಾರು ಅಂದೆ. ಅಷ್ಟೊತ್ತಿಗೆ ಓನರ್ ಬಂದ್ರು. ಎಂಟು ವರ್ಷದಿಂದ ಮುಖ ಪರಿಚಯ, ಸಿಕ್ಕಾಗೆಲ್ಲ ನಮಸ್ಕಾರ ಅಂತಿದ್ದವರು. ವಿಷಯ ಕೇಳಿ, ಸುತ್ತ ನಿಂತಿರೋರಿಗೆಲ್ಲ ಕೇಳೋ ಹಾಗೆ, 149 ರೂಪಾಯಿಗೋಸ್ಕರ ವಾಪಸ್ ಬಂದ್ರಾ ಸಾರ್ ಅಂದ್ರು. ಡ್ರಾಯರ್ ಎಳೆದು ನೂರರ ನೋಟು ಒಂದು, ಐವತ್ತರದ್ದು ಒಂದು ತೆಗೆದು ಕೌಂಟರ್ ಮೇಲೆ ನನ್ನ ಕಡೆ ತಳ್ಳಿದ್ರು. ಮಿಕ್ಕಿದ್ದು ಇಟ್ಕೊಳ್ಳಿ ಅಂದ್ರು.

ಮೈಯೆಲ್ಲ ಉರಿದು ಹೋಯ್ತು. ನಾನೇನು ಅವರ ಹತ್ರ ಬೇಡೋಕೆ ಹೋಗಿದ್ನಾ? ಅದು ನನ್ನ ದುಡ್ಡು ರೀ, ನಾನು ದುಡಿದಿದ್ದು. ನಾನು ಕೇಳಿದ್ದು ನೋಟಲ್ಲ, ಸರಿಯಾದ ಬಿಲ್ಲು. ಬಿಲ್ ಬದಲಾಯಿಸಿ ಕೊಡಿ, ಮೆನು ಕಾರ್ಡಲ್ಲೂ ಬಾಗಿಲಲ್ಲೂ ಇದು ಗ್ರಾಹಕರ ಇಷ್ಟ ಅಂತ ಬರೆದು ಹಾಕಿ, ಆಮೇಲೆ ದುಡ್ಡು ತಗೋತೀನಿ ಅಂದೆ. ಅದೆಲ್ಲ ಆಗಲ್ಲ, ಬೇಕಾದ್ರೆ ತಗೊಳ್ಳಿ ಇಲ್ಲಾಂದ್ರೆ ಬಿಡಿ, ಎಲ್ಲಾ ಕಡೆನೂ ಹಾಕ್ತಾರೆ ಅಂದ್ರು. ನೋಟು ಅಲ್ಲೇ ಬಿಟ್ಟು ಬಂದೆ.

ಕೆಳಗೆ ಬೈಕ್ ಹತ್ರ ನಮ್ಮ ಟೇಬಲ್ಲಿನ ಸಪ್ಲೈಯರ್ ನಿಂತಿದ್ದ. ಅವನ ಮೇಲೂ ನಂಗೆ ಸಿಟ್ಟಿತ್ತು, ಕೇಳೇಬಿಟ್ಟೆ, ಸರ್ವೀಸ್ ಚಾರ್ಜ್ ಅಂತ ತಗೋತಾರಲ್ಲ, ನಿಮಗೆ ಎಷ್ಟಪ್ಪ ಬರುತ್ತೆ ಅಂತ. ಮೇಲೆ ಒಂದ್ಸಲ ನೋಡಿ, ಮೆಲ್ಲಗೆ, ನಂಗೆ ಇಲ್ಲಿಗೆ ಬಂದು ಮೂರು ವರ್ಷ ಸಾರ್, ಒಂದ್ರೂಪಾಯಿ ಬಂದಿಲ್ಲ, ಅದು ಬಿಲ್ಲಲ್ಲಿ ಶುರುವಾದ್ಮೇಲೆ ಟಿಪ್ಸ್ ಇಡೋರೂ ನಿಲ್ಲಿಸಿಬಿಟ್ರು ಅಂದ. ಏಳು ಟೇಬಲ್ ಅವನೊಬ್ಬನೇ ನೋಡ್ಕೊಳ್ತಿದ್ದನಂತೆ, ಭಾನುವಾರ ಇಬ್ಬರು ರಜೆ. ಐದು ಜನಕ್ಕೆ ಮೂರು ಲೋಟ ಯಾಕೆ ಬಂತು ಅಂತ ಆಗ ಅರ್ಥ ಆಯ್ತು. ಜೇಬಲ್ಲಿದ್ದ ಐವತ್ತು ಅವನ ಕೈಗಿಟ್ಟೆ.

ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ 1915ಕ್ಕೆ ಫೋನ್ ಹಚ್ಚಿದ್ದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ ನಂಬರ್, ತಾರೀಖು, ಮೊತ್ತ ಎಲ್ಲಾ ಬರೆಸಿದೀನಿ, ಬಿಲ್ ಫೋಟೋನೂ ಕಳಿಸಿದೀನಿ, ಕಂಪ್ಲೇಂಟ್ ನಂಬರ್ ಬಂದಿದೆ. ಉಂಡಿದ್ದು ಎಂಥದೇ ಆಗಿರಲಿ, ಬಿಲ್ ಮಾತ್ರ ಬಿಸಾಕ್ಬೇಡಿ, ಎಸ್ ಸಿ ಅಂತಾನೋ ಸ್ಟಾಫ್ ವೆಲ್ಫೇರ್ ಅಂತಾನೋ ಇದೆಯಾ ಅಂತ ದುಡ್ಡು ಕೊಡೋಕೆ ಮುಂಚೆನೇ ಒಂದ್ಸಲ ನೋಡಿ. ಚಿಕ್ಕಪ್ಪ ಹಾಸನದ ಬಸ್ ಹತ್ತೋವಾಗ್ಲೂ ಊಟ ಚೆನ್ನಾಗಿತ್ತು ಕಣೋ ಅಂದ್ರು, ನನ್ನ ಮನಸ್ಸಿಗೆ ನೋವಾಗಬಾರ್ದು ಅಂತ.