ಬಕೆಟ್ ಹಿಡಿದವನೂ ಪಾಸ್ ಕೇಳುವವರೂ

ಕಳೆದ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಕೌಗೇಟ್ ಬೀದಿಯ ಒಂದು ಪಬ್ಬಿನ ನೆಲಮಾಳಿಗೆಯಲ್ಲಿ ನನ್ನ ಮಾನ ಹೋಯಿತು. ಹೋಗಿದ್ದು ಎರಡೇ ಪೌಂಡಿಗೆ.

ಅದು ಆ ಊರಿನ ಫ್ರಿಂಜ್ ಹಬ್ಬದ, ಟಿಕೆಟ್ ಇಲ್ಲದ ಹಾಸ್ಯದ ಶೋ. ನಲವತ್ತು ಕುರ್ಚಿ, ಒಂದು ಮೈಕು, ಒಬ್ಬ ಹುಡುಗ. ಒಂದು ಗಂಟೆ ಅವನು ಬಿಡದೆ ನಗಿಸಿದ. ಅವರಪ್ಪನ ಜಿಪುಣತನ, ಈ ಊರಿನ ರೂಮು ಬಾಡಿಗೆ, ನನ್ನ ಪಕ್ಕದವನ ಕೋಟು, ಯಾವುದನ್ನೂ ಬಿಡಲಿಲ್ಲ. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಮುಗಿದ ತಕ್ಷಣ ಅವನು ಓಡಿಹೋಗಿ, ಹೊರಗೆ ಹೋಗಲು ಇದ್ದ ಒಂದೇ ಬಾಗಿಲಲ್ಲಿ ನಿಂತುಬಿಟ್ಟ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್, ಇನ್ನೊಂದರಲ್ಲಿ ಕಾರ್ಡ್ ಮೆಷಿನ್ನು.

ನನ್ನ ಜೇಬಿನಲ್ಲಿದ್ದದ್ದು ಇಪ್ಪತ್ತರ ಒಂದು ನೋಟು, ಎರಡರ ಒಂದು ನಾಣ್ಯ. ನಾಣ್ಯವನ್ನೇ ಸ್ವಲ್ಪ ಮೇಲಿನಿಂದ, ಜೋರಾಗಿ ಸದ್ದು ಬರುವ ಹಾಗೆ ಹಾಕಿದೆ. ಹುಂಡಿ ಮುಂದೆ ಚಿಕ್ಕಂದಿನಲ್ಲೇ ಕಲಿತ ವಿದ್ಯೆ ಇದು. ಅವನು ಬಕೆಟ್ಟಿನೊಳಗೆ ಇಣುಕಿದ. ನನ್ನ ಮುಖ ನೋಡಿದ. ನಗುತ್ತಲೇ, "ಎರಡನೇ ಸಾಲಿನ ಮೂಲೆಯಲ್ಲಿ ಕೂತಿದ್ದವರು ನೀವೇ ಅಲ್ವಾ? ನೀವು ಎರಡು ಪೌಂಡಿಗಿಂತ ಜಾಸ್ತಿ ನಕ್ಕಿದ್ದೀರಿ" ಅಂದ.

ಹಿಂದೆ ಸಾಲಿನಲ್ಲಿದ್ದವರೆಲ್ಲ ಇನ್ನೊಂದು ಸುತ್ತು ನಕ್ಕರು. ನಾನು ತೆಪ್ಪಗೆ ಕಾರ್ಡ್ ತೆಗೆದು ಇನ್ನೂ ಎಂಟು ಪೌಂಡು ಕೊಟ್ಟೆ.

ಗ್ಲಾಸ್ಗೋದ ನಮ್ಮ ಮನೆ ಕಡೆಗೆ ರೈಲಿನಲ್ಲಿ ಸುಮಾರು 50 ನಿಮಿಷದ ದಾರಿ. ವೇವರ್ಲಿ ಸ್ಟೇಷನ್ ಬಿಡುವಾಗ ಸಿಟ್ಟು ಆ ಹುಡುಗನ ಮೇಲಿತ್ತು. ಫಾಲ್ಕರ್ಕ್ ದಾಟುವ ಹೊತ್ತಿಗೆ ಅದು ಮೈಸೂರಿನ ಕಡೆ ತಿರುಗಿತ್ತು. ಮೂವತ್ತು ವರ್ಷ ಆ ಊರಿನಲ್ಲಿ ಕಚೇರಿ ಕೇಳಿದ್ದೇನೆ, ನಾಟಕ ನೋಡಿದ್ದೇನೆ. ಬಾಗಿಲಲ್ಲಿ ನಿಂತು ನನ್ನನ್ನು ಯಾರೂ "ಎಷ್ಟು ನಕ್ಕೆ" ಅಂತ ಕೇಳಿಲ್ಲ. ಕೇಳಿದ್ದು ಒಂದೇ ಮಾತು. "ಪಾಸ್ ಇದ್ಯಾ?"

ಫ್ರಿಂಜ್ ಹಬ್ಬದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1947ರಲ್ಲಿ, ಯುದ್ಧ ಮುಗಿದ ಮೇಲೆ, ಎಡಿನ್‌ಬರೋದಲ್ಲಿ ದೊಡ್ಡ ಮಟ್ಟದ ಅಂತರರಾಷ್ಟ್ರೀಯ ಉತ್ಸವ ಶುರುವಾಯಿತು. ಆಗ ಎಂಟು ನಾಟಕ ತಂಡಗಳು ಯಾರೂ ಕರೆಯದಿದ್ದರೂ ಬಂದು, ಸಿಕ್ಕ ಜಾಗದಲ್ಲಿ ಆಡಿಹೋದವು. ಉತ್ಸವದ ಅಂಚಿನಲ್ಲಿ ನಡೆದದ್ದು ಅನ್ನುವ ಅರ್ಥದಲ್ಲಿ ಫ್ರಿಂಜ್ ಅನ್ನುವ ಹೆಸರು ನಿಂತಿತು. ಈಗ ಸೀರೆಗಿಂತ ಅಂಚೇ ದೊಡ್ಡದು. ಆಗಸ್ಟಿನ ಮೂರು ವಾರದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಶೋ. ನೀನು ಬಾ, ನೀನು ಬೇಡ ಅಂತ ಆರಿಸುವ ಸಮಿತಿ ಇಲ್ಲ. ಚರ್ಚು, ಕಾಲೇಜಿನ ಲೆಕ್ಚರ್ ಹಾಲು, ಸೌತ್ ಬ್ರಿಜ್ ಸೇತುವೆ ಕೆಳಗಿನ ತೇವದ ಕಲ್ಲುಗೂಡು, ಎಲ್ಲ ಕಡೆ ಬೆಳಿಗ್ಗೆಯಿಂದ ನಡುರಾತ್ರಿವರೆಗೆ ಏನಾದರೂ ನಡೆಯುತ್ತಲೇ ಇರುತ್ತದೆ.

ಮೊದಲ ವರ್ಷ ನಾವು ಗಂಡ ಹೆಂಡತಿ ಚೆನ್ನಾಗಿ ಕೈ ಸುಟ್ಟುಕೊಂಡೆವು. ಟಿವಿಯಲ್ಲಿ ಬರುವವನೊಬ್ಬನ ಶೋಗೆ ಎರಡು ಟಿಕೆಟ್, ಅಲ್ಲೇ ಪಕ್ಕದಲ್ಲಿ ಊಟ, ಸಂಜೆ ಪೋಸ್ಟರ್ ಚೆನ್ನಾಗಿದೆ ಅಂತ ಇನ್ನೊಂದು ಶೋ. ಆ ಎರಡನೆಯದರಲ್ಲಿ ಒಬ್ಬಾಕೆ ಬೆಡ್‌ಶೀಟ್ ಸುತ್ತಿಕೊಂಡು ಐವತ್ತು ನಿಮಿಷ ಅತ್ತಳು. ಹೊರಗೆ ಬಂದಾಗ ಮಳೆ. ನನ್ನ ಹೆಂಡತಿ ಲೆಕ್ಕ ಹಾಕಿ, "ಈ ದುಡ್ಡಲ್ಲಿ ಊರಲ್ಲಿ ಒಂದು ತಿಂಗಳ ದಿನಸಿ ಬರ್ತಿತ್ತು. ಅಳೋದು ನೋಡೋಕೆ ಇಷ್ಟು ಕೊಡ್ಬೇಕಾ?" ಅಂದಳು.

ಆಮೇಲೆ ಒಂದೊಂದಾಗಿ ಕಲಿತೆವು. ಹಬ್ಬದ ಮೊದಲ ಎರಡು ಮೂರು ದಿನ ಹೋಗಬೇಕು. ಕಲಾವಿದರು ಇನ್ನೂ ಕೈ ಪಳಗಿಸಿಕೊಳ್ಳುತ್ತಿರುತ್ತಾರೆ, ಟಿಕೆಟ್ ಕಡಿಮೆಗೆ ಸಿಗುತ್ತದೆ. ಮೊದಲ ಸೋಮವಾರ, ಮಂಗಳವಾರ ಎಷ್ಟೋ ಶೋಗಳಿಗೆ ಒಂದು ಟಿಕೆಟ್ ದುಡ್ಡಿಗೆ ಎರಡು ಟಿಕೆಟ್. ಶನಿವಾರ ಮಾತ್ರ ಆ ಕಡೆ ತಲೆ ಹಾಕಬಾರದು. ರಾಯಲ್ ಮೈಲ್ ಬೀದಿಯಲ್ಲಿ ಹ್ಯಾಂಡ್‌ಬಿಲ್ ಹಂಚುವವರನ್ನು ಕಂಡರೆ ಜನ ಓಡಿಹೋಗುತ್ತಾರೆ. ನಾವು ನಿಲ್ಲುತ್ತೇವೆ. ಹಂಚುವವರು ಮುಕ್ಕಾಲು ಪಾಲು ಆಡುವವರೇ. ಇನ್ನು ಅರ್ಧ ಗಂಟೆಯಲ್ಲಿ ಶೋ ಇದೆ, ಕುರ್ಚಿ ಖಾಲಿ ಇದೆ ಅಂದರೆ, "ಸುಮ್ನೆ ಬನ್ನಿ" ಅಂತ ಅವರೇ ಟಿಕೆಟ್ ಕೈಗಿಟ್ಟು ಕಳಿಸುವುದೂ ಉಂಟು. ಖಾಲಿ ಕುರ್ಚಿಗೆ ಜೋಕ್ ಹೇಳುವುದಕ್ಕಿಂತ ಪುಕ್ಕಟೆ ಗಿರಾಕಿಗೆ ಹೇಳುವುದು ವಾಸಿ.

ಮಳೆ ಬಂದರೆ ಚೇಂಬರ್ಸ್ ಸ್ಟ್ರೀಟಿನ ಮ್ಯೂಸಿಯಂ. ಒಳಗೆ ಹೋಗಲು ದುಡ್ಡಿಲ್ಲ, ಶೌಚಾಲಯ ಚೊಕ್ಕಟ. ಊಟಕ್ಕೆ ಡಬ್ಬಿ. ಚಿತ್ರಾನ್ನವೇ ಸರಿ, ಆರಿದರೂ ನಡೆಯುತ್ತದೆ. ಮೊಸರನ್ನ ಒಮ್ಮೆ ಬ್ಯಾಗಿನಲ್ಲಿ ಚೆಲ್ಲಿ ಆದ ಕಥೆ ಬೇಡ ಬಿಡಿ. ರಾತ್ರಿ ಅಲ್ಲಿ ಉಳಿಯುವ ಮಾತೇ ಇಲ್ಲ. ಆಗಸ್ಟಿನಲ್ಲಿ ಆ ಊರಿನ ರೂಮಿನ ರೇಟು ಕೇಳಿದರೆ ಸಾಕು, ನಿದ್ದೆ ಹಾರಿಹೋಗುತ್ತದೆ.

ಆದರೆ ನಮ್ಮಂಥವರ ಪಾಲಿಗೆ ದೊಡ್ಡ ವರ ಅಂದರೆ ಬಕೆಟ್ ಶೋಗಳೇ. 1996ರಲ್ಲಿ ಪೀಟರ್ ಬಕ್ಲಿ ಹಿಲ್ ಅನ್ನುವ ಹಾಸ್ಯಗಾರ ಇದನ್ನು ಶುರು ಮಾಡಿದ. ಕಲಾವಿದ ಜಾಗಕ್ಕೆ ಬಾಡಿಗೆ ಕೊಡುವ ಹಾಗಿಲ್ಲ, ನೋಡುವವನು ಟಿಕೆಟ್ ತೆಗೆಯುವ ಹಾಗಿಲ್ಲ. ಪಬ್ಬಿನವನಿಗೆ ಬಿಯರ್ ವ್ಯಾಪಾರ ಆಗುತ್ತದೆ, ಕಲಾವಿದನಿಗೆ ಕೊನೆಯಲ್ಲಿ ಬಕೆಟ್. ಈಗ ಬೇರೆಯವರೂ ಇದೇ ರೀತಿ ನಡೆಸುತ್ತಾರೆ. ಕೆಲವರು ಐದು ಪೌಂಡು ಮುಂಚೆಯೇ ಕೊಟ್ಟರೆ ಕುರ್ಚಿ ಗ್ಯಾರಂಟಿ, ಇಲ್ಲದಿದ್ದರೆ ಸಾಲಿನಲ್ಲಿ ನಿಂತು ಬನ್ನಿ, ಹೋಗುವಾಗ ನಿಮಗೆ ತೋಚಿದ್ದು ಹಾಕಿ ಅನ್ನುತ್ತಾರೆ. ನೋಡಿದ ಮೇಲೆ ಬೆಲೆ. ಅದೂ ಮುಖಾಮುಖಿ.

ಈ ಮುಖಾಮುಖಿಯೇ ನನ್ನನ್ನು ಕೊರೆಯುವುದು. ನಮ್ಮಲ್ಲಿ ದುಡ್ಡು ಕೊಡದೆ ನೋಡುವುದು ಬಡವರ ಉಪಾಯ ಅಲ್ಲ, ದೊಡ್ಡವರ ಲಕ್ಷಣ. ಟಿಕೆಟ್ ತೆಗೆದವನನ್ನು ಕಂಡರೆ ಅಯ್ಯೋ ಪಾಪ ಅನ್ನುತ್ತೇವೆ. "ದುಡ್ಡು ಕೊಟ್ರಾ? ನನಗೊಂದು ಮಾತು ಹೇಳಬಾರದಿತ್ತಾ?" ಅಂತ ಕೇಳದ ನೆಂಟರು ನಿಮ್ಮ ಮನೆಯಲ್ಲಿ ಇದ್ದರೆ ನನಗೆ ತಿಳಿಸಿ. ದಸರಾ ಹತ್ತಿರ ಬಂದರೆ ಮೈಸೂರಿನಲ್ಲಿ ಅರ್ಧ ಊರು ಇನ್ನರ್ಧ ಊರಿಗೆ ಫೋನ್ ಮಾಡುತ್ತಿರುತ್ತದೆ. ಯಾವ ಆಫೀಸಿನಲ್ಲಿ ಯಾರಿದ್ದಾರೆ, ಅವರ ಭಾಮೈದ ಎಲ್ಲಿದ್ದಾನೆ. 2024ರಲ್ಲಿ ಜಂಬೂ ಸವಾರಿ, ಪಂಜಿನ ಕವಾಯತು ಎರಡನ್ನೂ ಕೂತು ನೋಡುವ ಗೋಲ್ಡ್ ಕಾರ್ಡಿಗೆ 6,500 ರೂಪಾಯಿ ಇತ್ತು. ಅದನ್ನು ಹೊರಗಿನವರು ಆನ್‌ಲೈನಿನಲ್ಲಿ ಕೊಂಡುಕೊಂಡರು. ನಮ್ಮ ಓಣಿಯವರಿಗೆ ಅದು ಪ್ರತಿಷ್ಠೆಯ ಪ್ರಶ್ನೆ. ಸ್ವಂತ ಊರಿನಲ್ಲಿ ದುಡ್ಡು ಕೊಡುವುದೇ?

ಒಂದು ಸಲ ರಜಾಕ್ಕೆ ಹೋದಾಗ ನಾನು ಹಟ ಹಿಡಿದು ಒಂದು ದೊಡ್ಡ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದೆ. ಯಾವುದು ಅನ್ನುವುದು ಬೇಡ. ಒಳಗೆ ಹೋದರೆ ನಮ್ಮ ನಂಬರಿನ ಕುರ್ಚಿಗಳ ಮೇಲೆ ಒಂದು ಸಂಸಾರ ಆರಾಮಾಗಿ ಕೂತು ಕಡ್ಲೆಕಾಯಿ ಬಿಡಿಸುತ್ತಿತ್ತು. ಟಿಕೆಟ್ ತೋರಿಸಿದೆ. ಯಜಮಾನರು ಪಾಸ್ ತೋರಿಸಿದರು. ವಾಲಂಟಿಯರ್ ಹುಡುಗ ಎರಡನ್ನೂ ನೋಡಿ, ನನಗೆ, "ಸಾರ್, ನೀವು ಸ್ವಲ್ಪ ಹಿಂದೆ ಅಡ್ಜಸ್ಟ್ ಮಾಡ್ಕೊಳ್ಳಿ. ಅವರು ಪಾಸ್‌ನವರು" ಅಂದ. ಆಮೇಲೆ ಸ್ವಾಗತ ಭಾಷಣ. ದೀಪ ಹಚ್ಚುವುದು, ಗಾಳಿಗೆ ಅದು ಆರುವುದು, ಮತ್ತೆ ಹಚ್ಚುವುದು. ಹಾಡುವವರು ಬಂದಾಗ ಮುಂದಿನ ಎರಡು ಸಾಲು ಎದ್ದು ಹೋಗಿತ್ತು. ದುಡ್ಡು ಕೊಡದೆ ಬಂದವರಿಗೆ ಎದ್ದು ಹೋಗುವಾಗ ಏನೂ ಅನಿಸುವುದಿಲ್ಲ. ಬಾಗಿಲಲ್ಲಿ ಆ ಹಾಡುಗಾರರೇ ಬಕೆಟ್ ಹಿಡಿದು ನಿಂತಿದ್ದರೆ ಎದ್ದು ಹೋಗುತ್ತಿದ್ದರಾ?

ಇದನ್ನೆಲ್ಲ ಅಮ್ಮ ನಮ್ಮಲ್ಲಿಗೆ ಬಂದಾಗ ಭಾಷಣದ ಹಾಗೆ ಹೇಳಿದೆ. ಅವರನ್ನೂ ಎಡಿನ್‌ಬರೋಗೆ ಕರೆದುಕೊಂಡು ಹೋಗಿದ್ದೆ. ಭಾಷೆ ಬೇಡದ ಶೋ ಇರಲಿ ಅಂತ ಜಾದೂ ಮಾಡುವ ಹುಡುಗಿಯೊಬ್ಬಳದ್ದು ಆರಿಸಿದ್ದೆ. ಮುಗಿದ ಮೇಲೆ ಅವಳು ಬಕೆಟ್ ಹಿಡಿದು ನಿಂತಳು. ಅಮ್ಮ ಪರ್ಸಿನಿಂದ ಐದರ ನೋಟು ತೆಗೆದು ಹಾಕಿದರು. ನಾನು ಹೇಳಿಕೊಟ್ಟಿರಲಿಲ್ಲ. ಹಾಕಿ, ಬಕೆಟ್ಟಿನ ಮೇಲೆ ಎರಡೂ ಕೈ ಆಡಿಸಿ ಕಣ್ಣಿಗೆ ಒತ್ತಿಕೊಂಡರು. ಜಾದೂ ಹುಡುಗಿ ತಬ್ಬಿಬ್ಬಾಗಿ ತಾನೂ ಕೈ ಮುಗಿದಳು.

"ಇದರಲ್ಲೇನೋ ಹೊಸದು?" ಅಂದರು ಅಮ್ಮ, ಮೆಟ್ಟಿಲು ಹತ್ತುತ್ತಾ. "ನಮ್ಮ ಹರಿಕಥೆ ದಾಸರು ತಟ್ಟೆ ಕಳಿಸ್ತಿರಲಿಲ್ವಾ? ನಿಮ್ಮಜ್ಜಿ ಸೆರಗಿನ ತುದೀಲಿ ನಾಲ್ಕಾಣೆ ಗಂಟು ಹಾಕ್ಕೊಂಡೇ ಹೋಗ್ತಿದ್ರು."

ಆ ತಟ್ಟೆ ನನಗೆ ಮರೆತೇ ಹೋಗಿತ್ತು. ರಾಮೋತ್ಸವದ ಪೆಂಡಾಲಿನಲ್ಲಿ ಮಂಗಳಾರತಿ ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತಿತ್ತು. ದಾಸರು ಹಾರ್ಮೋನಿಯಂ ಪಕ್ಕದಿಂದ ಅದನ್ನೇ ನೋಡುತ್ತಾ ಕೊನೆಯ ಪದ ಎಳೆಯುತ್ತಿದ್ದರು. ಕೊಡದವರು ಆಗ ಶೂ ಹುಡುಕುತ್ತಿದ್ದರು. ಕೌಗೇಟಿನಲ್ಲಿ ನಾನು ನೋಟು ಬಿಟ್ಟು ನಾಣ್ಯ ಹುಡುಕಿದ ಹಾಗೆಯೇ. ಹಾಗಾದರೆ ತಟ್ಟೆ ಹೋಗಿ ಪಾಸ್ ಬಂದದ್ದು ಯಾವಾಗ ಅನ್ನುವುದು ನನ್ನ ತಕರಾರು. ಅಮ್ಮನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಅವರಿಗೆ ಮಂಡಿ ನೋವು, ಕಾಫಿ ಬೇಕಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ಹೇಳಲು ಮನಸ್ಸಿಲ್ಲದ್ದನ್ನೂ ಹೇಳಬೇಕು. ಎರಡು ಪೌಂಡಿಗೆ ನನ್ನ ಮಾನ ತೆಗೆದ ಆ ಹುಡುಗ ರೂಮು ಬಾಡಿಗೆ ಬಗ್ಗೆ ಜೋಕ್ ಮಾಡಿದ್ದ ಅಂದೆನಲ್ಲ. ಒಂದು ರೂಮಿಗೆ ಮೂರು ಜನ, ತಾನು ನೆಲದ ಮೇಲೆ, ತಿಂಗಳ ಕೊನೆಗೆ ಸಾಲ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅದು ಜೋಕ್ ಅಲ್ಲ, ಲೆಕ್ಕ. ಫ್ರಿಂಜ್‌ಗೆ ಬರುವ ಕಲಾವಿದರಲ್ಲಿ ಬಹಳ ಜನ ಕೈಯಿಂದ ಹಾಕಿಯೇ ಹೋಗುತ್ತಾರೆ. ದೊಡ್ಡ ಹಾಲು ಹಿಡಿದವರು ಅದಕ್ಕೂ ಬಾಡಿಗೆ ಕೊಡಬೇಕು. ನನ್ನ ಹತ್ತು ಪೌಂಡು ಅವನ ಬಾಡಿಗೆಯ ಯಾವ ಮೂಲೆಗೂ ಸಾಲದು. ನಾನು ಕಡಿಮೆ ಖರ್ಚಿನಲ್ಲಿ ಹಬ್ಬ ಮಾಡಿದೆ ಅಂತ ಬೀಗುವಾಗ ಉಳಿದ ಖರ್ಚನ್ನು ಹೊತ್ತವನು ಅವನು.

ಇನ್ನು ನಮ್ಮ ದಸರಾ. ಅರಮನೆ ಮುಂದಿನ ವೇದಿಕೆಯಲ್ಲಿ ಸಂಜೆ ದೊಡ್ಡ ದೊಡ್ಡ ವಿದ್ವಾಂಸರು ಹಾಡುತ್ತಾರೆ, ನುಡಿಸುತ್ತಾರೆ. ಟಿಕೆಟ್ ಇಲ್ಲ. ಕಲಾವಿದರಿಗೆ ಸಂಭಾವನೆ ಉಂಟು, ಬಕೆಟ್ ಹಿಡಿದು ನಿಲ್ಲಬೇಕಾಗಿಲ್ಲ. ಅರಮನೆಯ ಲಕ್ಷದ ಹತ್ತಿರದ ಬಲ್ಬುಗಳು ಒಮ್ಮೆಲೇ ಹತ್ತಿಕೊಂಡಾಗ ಸುತ್ತ ಏಳುವ ಆ "ಓ" ಅನ್ನುವ ಸದ್ದಿಗೂ ಟಿಕೆಟ್ ಇಲ್ಲ. ಐವತ್ತು ರೂಪಾಯಿ ಚುರುಮುರಿ, ಸಿಟಿ ಬಸ್ಸಿನ ಚಾರ್ಜು, ಇಷ್ಟರಲ್ಲಿ ಒಂದು ಸಂಜೆ ಕಳೆಯುತ್ತದೆ. ಎಡಿನ್‌ಬರೋದಲ್ಲಿ ಅಷ್ಟು ದುಡ್ಡಿಗೆ ಟೀ ಕಪ್ಪಿನ ಮುಚ್ಚಳವೂ ಬರುವುದಿಲ್ಲ.

ಅಪ್ಪನಿಗೆ ಜೀವಮಾನದಲ್ಲಿ ಒಂದು ಪಾಸೂ ಸಿಗಲಿಲ್ಲ. ವಿಜಯದಶಮಿ ದಿನ ಬೆಳಿಗ್ಗೆ ಎಂಟಕ್ಕೇ ಸಯ್ಯಾಜಿರಾವ್ ರಸ್ತೆಯಲ್ಲಿ ನ್ಯೂಸ್‌ಪೇಪರ್ ಹಾಸಿ ನಮ್ಮನ್ನು ಕೂರಿಸುತ್ತಿದ್ದರು. ಆನೆ ಬರುವ ಹೊತ್ತಿಗೆ ಪೇಪರಿನ ಎಲ್ಲ ಪುಟ ಓದಿ ಮುಗಿದಿರುತ್ತಿತ್ತು, ಪುಳಿಯೋಗರೆ ಖಾಲಿಯಾಗಿರುತ್ತಿತ್ತು. "ಒಳಗೆ ಕೂತೋರಿಗೆ ಆನೆ ಇಷ್ಟು ಹತ್ತಿರ ಸಿಗಲ್ಲ ಕಣೋ" ಅನ್ನುತ್ತಿದ್ದರು. 750 ಕಿಲೋ ಅಂಬಾರಿ ಹೊತ್ತ ಆನೆ ನಮ್ಮ ಮುಂದೆ ಹಾದುಹೋಗುವಾಗ ನಾನು ಅವರ ಹೆಗಲ ಮೇಲಿರುತ್ತಿದ್ದೆ. ಅವರು ಪಾಸ್ ಕೇಳಿ ಯಾರಿಗೂ ಫೋನ್ ಮಾಡಿದವರಲ್ಲ. ಅಂಥವರೂ ಆ ಊರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ, ನನ್ನ ಸಿಟ್ಟಿಗೆ ಅವರು ಕಾಣುವುದಿಲ್ಲ, ಅಷ್ಟೇ.

ಇದನ್ನು ಬರೆಯುತ್ತಿರುವಾಗ ತಮ್ಮನ ಫೋನು ಬಂತು. "ಅಣ್ಣ, ಈ ಸಲ ದಸರಾಗೆ ಬರ್ತೀಯಾ? ನಮ್ಮ ಆಫೀಸ್ ಕಡೆಯಿಂದ ಎರಡು ಪಾಸ್ ಬಂದಿದೆ."

ನಾನು ಬಕೆಟ್ಟಿನ ಕಥೆ ಶುರು ಮಾಡಿದೆ. ಕೌಗೇಟು, ಎರಡು ಪೌಂಡು, ಹರಿಕಥೆ ತಟ್ಟೆ, ಎಲ್ಲ. ಅವನು ತಾಳ್ಮೆಯಿಂದ ಕೇಳಿದ.

"ಸರಿ ಬಿಡು. ಹಾಗಾದ್ರೆ ಪಕ್ಕದ ಮನೆಯವರಿಗೆ ಕೊಟ್ಬಿಡ್ತೀನಿ."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, "ಯಾವ ಗೇಟಿಂದು?" ಅಂತ ಕೇಳಿದೆ.